ಜಾಹೀರಾತಿನ ಬಿಡುವಿನಲ್ಲಿ ಹೇಳಿದ್ದು

ಧಾರಾವಾಹಿ ಶುರುವಾಗುವುದು ಸಂಜೆ ಏಳೂವರೆಗೆ. ಏಳು ಇಪ್ಪತ್ತಕ್ಕೆ ನಾನು ಆ ಮನೆಯ ಬಾಗಿಲಲ್ಲಿ ಇರುತ್ತಿದ್ದೆ. ಅದಕ್ಕಿಂತ ಮೊದಲೇ ತಲುಪಿದರೆ ಬೀದಿಯ ತುದಿಯ ಹೊಂಗೆ ಮರದ ಕೆಳಗೆ ನಿಂತು ಗಡಿಯಾರ ನೋಡುತ್ತಿದ್ದೆ. ಬೇಗ ಹೋದರೆ ಮನೆಯವರು ಕಾಫಿಗೆ ಇಡುತ್ತಾರೆ, ಅವರಿವರ ಸುದ್ದಿ ಏಳುತ್ತದೆ, ಆಮೇಲೆ ಅವರು ಕೊಡುವುದು ಧಾರಾವಾಹಿಯ ಬಗೆಗಿನ ಉತ್ತರವಾಗಿರುವುದಿಲ್ಲ, ನನ್ನನ್ನು ಮೆಚ್ಚಿಸುವ ಉತ್ತರವಾಗಿರುತ್ತದೆ. ಈ ನಿಯಮವನ್ನು ನನಗೆ ಯಾರೂ ಹಾಕಿರಲಿಲ್ಲ. ನಾನೇ ಹಾಕಿಕೊಂಡದ್ದು.

ಕೆಲಸ ಇಷ್ಟೇ. ಶಿವಮೊಗ್ಗದ ದುರ್ಗಿಗುಡಿಯ ಕಡೆ, ಒಂದು ಕಟ್ಟಡದ ಎರಡನೇ ಮಹಡಿಯಲ್ಲಿ ಪುಟ್ಟದೊಂದು ಸಂಸ್ಥೆ. ವೀಕ್ಷಕರು ಏನನ್ನುತ್ತಾರೆ ಎಂಬುದನ್ನು ಮನೆಮನೆಯಿಂದ ಬರೆಸಿ ತರಿಸಿ ಟೀವಿ ಚಾನೆಲ್ಲುಗಳಿಗೆ ಕಳಿಸುವುದು ಅದರ ಕಸುಬು. ಆ ಚಳಿಗಾಲ ಅವರಿಗೆ ಬೇಕಾಗಿದ್ದದ್ದು ಒಂದೇ ವಿಷಯ: ಕೆಟ್ಟು ಕೂತ ಸಂಬಂಧಗಳನ್ನು ಪರದೆಯ ಮೇಲೆ ನೋಡುವಾಗ ಜನ ಯಾರ ಪರ ಮಾತಾಡುತ್ತಾರೆ? ಬಿಟ್ಟು ಹೋಗು ಎನ್ನುತ್ತಾರೋ, ಹೊಂದಿಕೊಂಡು ಹೋಗು ಎನ್ನುತ್ತಾರೋ?

ಅಲ್ಲಿನ ಮ್ಯಾನೇಜರ್ ಕುಂಸಿಯ ಕಡೆಯವಳು. ಮೂವತ್ತರ ಆಸುಪಾಸು, ಚುರುಕು. ಸಂದರ್ಶನದಲ್ಲಿ ಕೇಳಿದ್ದು ಎರಡೇ ಪ್ರಶ್ನೆ.

"ಅಮ್ಮ, ನೀವು ಸೀರಿಯಲ್ ನೋಡ್ತೀರಾ?"

"ಇಲ್ಲ."

"ಡೇಟಿಂಗ್ ಶೋ?"

"ಅದೇನು ಅಂತಾನೇ ಗೊತ್ತಿಲ್ಲ."

"ಹಂಗಾದ್ರೆ ನೀವೇ ಸರಿ," ಎಂದು ನಕ್ಕಳು. "ನೋಡೋರನ್ನ ಕಳಿಸಿದ್ರೆ ಅಲ್ಲೇ ಕೂತು ಅವರ ಜೊತೆ ಅಳ್ತಾರೆ."

ನಾನು ಭದ್ರಾವತಿಯ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಲೋಹದ ಮಾದರಿಗಳನ್ನು ಪರೀಕ್ಷಿಸಿ ನಿವೃತ್ತಳಾದವಳು. ಅಲ್ಲಿ ಮೊದಲ ದಿನವೇ ಕಲಿಸಿದ ಪಾಠ ಕೈಗೆ ಅಂಟಿಬಿಟ್ಟಿತ್ತು. ಕಂಡದ್ದನ್ನು ಬರೆ, ಅನ್ನಿಸಿದ್ದನ್ನು ಬರೆಯಬೇಡ. ಬರೆದದ್ದನ್ನು ಅಳಿಸಬೇಡ. ತಪ್ಪಾಗಿದ್ದರೆ ಓದಲು ಬರುವಂತೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕು. ಈ ಹೊಸ ಕೆಲಸಕ್ಕೂ ಅಷ್ಟೇ ಸಾಕು ಎಂದುಕೊಂಡೆ. ಅವರು ಕೊಟ್ಟ ಹಾಳೆಯಲ್ಲಿ ಮೂರು ಕಾಲಮ್ ಇತ್ತು: ನಿಮಿಷ, ದೃಶ್ಯ, ಹೇಳಿದ ಮಾತು. ಕೊನೆಯಲ್ಲಿ ಐದು ಪ್ರಶ್ನೆ. ಕಾರ್ಯಕ್ರಮ ಮುಗಿದ ಮೇಲೆ ಅವನ್ನು ಒಬ್ಬೊಬ್ಬರಿಗೂ ಓದಿ ಹೇಳಿ ಉತ್ತರ ಬರೆದುಕೊಳ್ಳಬೇಕು. ಉತ್ತರ ಅವರದೇ ಮಾತಿನಲ್ಲಿರಬೇಕು.

ಸೋಮವಾರ, ಬುಧವಾರ ಗೋಪಾಳದ ಒಂದು ಪಿ.ಜಿ. ಅಲ್ಲಿ ಐವರು ಹುಡುಗಿಯರು, ಅವರು ನೋಡುತ್ತಿದ್ದದ್ದು ಡೇಟಿಂಗ್ ಶೋ. ಮಂಗಳವಾರ, ಗುರುವಾರ ಭದ್ರಾವತಿಯ ಹಳೆಯ ಕ್ವಾರ್ಟರ್ಸ್ ಸಾಲಿನ ಒಂದು ಮನೆ, ಅಲ್ಲಿ ಏಳೂವರೆಯ ಧಾರಾವಾಹಿ.

ಪಿ.ಜಿ.ಯಲ್ಲಿ ಮೊದಲ ವಾರ ನಾನು ಸೋತೆ. ಐವರೂ ಒಟ್ಟಿಗೆ ಕಿರುಚುತ್ತಿದ್ದರು. ಆ ಶೋನಲ್ಲಿ ಒಬ್ಬ ಹುಡುಗ ಮೂವರು ಹುಡುಗಿಯರಿಗೆ ಒಂದೇ ಮಾತನ್ನು, ಒಂದೇ ದನಿಯಲ್ಲಿ, ಬೇರೆ ಬೇರೆ ಬೆಂಚಿನ ಮೇಲೆ ಕೂತು ಹೇಳಿದ.

"ಓಡು ಮಾರಾಯ್ತಿ, ಓಡು!" ಎಂದು ಒಬ್ಬಳು ಹಾಸಿಗೆಯ ಮೇಲೆ ಎದ್ದು ನಿಂತಳು.

"ಇವ್ನು ಬರೀ ರೆಡ್ ಫ್ಲ್ಯಾಗ್ ಅಲ್ಲ ಆಂಟಿ," ಎಂದು ಇನ್ನೊಬ್ಬಳು ನನಗೆ ವಿವರಿಸಿದಳು. "ರೈಲ್ವೆ ಸ್ಟೇಷನ್‌ನಲ್ಲಿರೋ ಅಷ್ಟೂ ಬಾವುಟ ಇವನೊಬ್ಬನ ಕೈಯಲ್ಲೇ ಇದೆ. ಬರ್ಕೊಳ್ಳಿ."

"ಅವ್ಳು ಮತ್ತೆ ಅವನ ಹತ್ರಾನೇ ಹೋಗ್ತಾಳೆ ನೋಡ್ತಿರಿ. ನಮ್ ಕ್ಲಾಸಲ್ಲೂ ಒಬ್ಳಿದಾಳೆ."

"ಯಾರೇ ಅದು? ನನ್ನ ನೋಡ್ಕೊಂಡು ಹೇಳ್ತಿದೀಯಾ?"

ಎರಡನೇ ವಾರದಿಂದ ನಾನು ಅವರನ್ನು ಕೂರುವ ಜಾಗದ ಪ್ರಕಾರ ಅ, ಆ, ಇ, ಈ, ಉ ಎಂದು ಗುರುತು ಮಾಡಿಕೊಂಡೆ. ಜಾಗ ಬದಲಿಸಬಾರದು ಎಂದು ಹೇಳಿದೆ. "ಆಂಟಿ, ನೀವು ನಮ್ ಹೈಸ್ಕೂಲ್ ಮೇಡಂಗಿಂತ ಜಾಸ್ತಿ" ಎಂದರು, ಆದರೆ ಬದಲಿಸಲಿಲ್ಲ. ಹಾಳೆ ತುಂಬತೊಡಗಿತು. ಒಂದು ಸಂಜೆಗೆ ಎಪ್ಪತ್ತು, ಎಂಬತ್ತು ಮಾತು. ಒಂದು ಬುಧವಾರ ಮಾತ್ರ ನಡುವೆ ಎರಡು ನಿಮಿಷ ಖಾಲಿ. ಪಿ.ಜಿ.ಯ ಮಾಲೀಕರಾದ ಹೆಂಗಸು ನೀರಿನ ನಲ್ಲಿ ನೋಡಲು ಮೇಲೆ ಬಂದಿದ್ದರು. ಐವರೂ ಬಾಯಿ ಮುಚ್ಚಿಕೊಂಡು, ಚಾನೆಲ್ ಬದಲಿಸಿ, ಅಡುಗೆ ಕಾರ್ಯಕ್ರಮ ನೋಡುತ್ತಾ ಕೂತರು. ನಾನು "ವ್ಯತ್ಯಯ, ಎರಡು ನಿಮಿಷ" ಎಂದು ಬರೆದು ಮುಂದಕ್ಕೆ ಹೋದೆ. ಈ ಸಾಲು ಆಮೇಲೆ ನನಗೆ ಬೇಕಾಯಿತು.

ಭದ್ರಾವತಿಯ ಮನೆ ಇದಕ್ಕೆ ತದ್ವಿರುದ್ಧ. ಅಲ್ಲಿ ನಾಲ್ವರು. ಮನೆಯ ಯಜಮಾನ, ಲಾರಿ ಆಫೀಸಿನಲ್ಲಿ ಗುಮಾಸ್ತ. ಮಾತು ಕಡಿಮೆ, ಮರ್ಯಾದಸ್ಥ. ಅವರ ಹೆಂಡತಿ. ಅವರ ತಂಗಿ, ಹಳೆನಗರದ ಒಂದು ಹೊಲಿಗೆ ಅಂಗಡಿಯಲ್ಲಿ ಬ್ಲೌಸ್ ಹೊಲಿಯುವವಳು, ಮೂವತ್ತೈದರ ಒಳಗೆ. ನಾಲ್ಕನೆಯವರು ಪಕ್ಕದ ಮನೆಯ ತಮಿಳು ಅಜ್ಜಿ. ಸಾಲಿನವರೆಲ್ಲ ಅವರನ್ನು ಪಾಟಿ ಎನ್ನುತ್ತಿದ್ದರು. ಅವರವರಲ್ಲಿ ಕರೆದುಕೊಳ್ಳುತ್ತಿದ್ದ ಹಾಗೆ ನಾನೂ ಇಲ್ಲಿ ಅಣ್ಣ, ಅತ್ತಿಗೆ, ತಂಗಿ ಎಂದೇ ಬರೆಯುತ್ತೇನೆ. ಹೆಸರು ಬೇಡ.

ನಾನು ಹೋದ ಕೂಡಲೇ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಒಗೆದ ಟವೆಲ್ ಹಾಸಿ ಕೂರಿಸುತ್ತಿದ್ದರು. ಅಣ್ಣ ದಿವಾನದ ಮೇಲೆ, ರಿಮೋಟ್ ಅವರ ತೊಡೆಯ ಪಕ್ಕ. ಹೆಂಗಸರು ಮೂವರೂ ನೆಲದ ಮೇಲೆ, ಅಡಿಗೆಮನೆಯ ಬಾಗಿಲಿಗೆ ಹತ್ತಿರ. ಧಾರಾವಾಹಿಯ ಕಥೆ ಸರಳ. ಗಂಡನಿಗೆ ಆಫೀಸಿನ ಇನ್ನೊಬ್ಬಳ ಜೊತೆ ವರ್ಷಗಟ್ಟಲೆ ಸಂಬಂಧ. ಹೆಂಡತಿಗೆ ಗೊತ್ತಾಗಿ ಮನೆ ಬಿಟ್ಟಿದ್ದಾಳೆ. ಈಗ ಅತ್ತೆಗೆ ಕಾಯಿಲೆ, ಗಂಡ ದಿನವೂ ಬಂದು ಬಾಗಿಲಲ್ಲಿ ಅಳುತ್ತಾನೆ. ಅವನು ಅತ್ತಾಗ ಈ ಮನೆಯಲ್ಲಿ ಯಾರೂ ಏನೂ ಅನ್ನುತ್ತಿರಲಿಲ್ಲ. ಪಾಟಿ ಒಮ್ಮೊಮ್ಮೆ "ರಾಮ ರಾಮ" ಎನ್ನುತ್ತಿದ್ದರು. ನಿಮಿಷದ ಕಾಲಮ್ ಬರೆದೂ ಬರೆದೂ ಎದುರಿಗೆ "ಮೌನ" ಎಂದು ತುಂಬಿಸುತ್ತಿದ್ದೆ.

ಕೊನೆಗೆ ನಾಲ್ಕನೇ ಪ್ರಶ್ನೆ: ನಾಯಕಿ ಗಂಡನ ಮನೆಗೆ ಮರಳಬೇಕೇ?

"ಮರಳಬೇಕು ಮೇಡಂ. ತಪ್ಪು ಒಪ್ಕೊಂಡಿದಾನಲ್ಲ," ಎನ್ನುತ್ತಿದ್ದರು ಅಣ್ಣ.

"ಹೂಂ, ಹೋಗ್ಬೇಕು," ಅತ್ತಿಗೆ.

"ಗಂಡ ಅಲ್ವಾ. ಹೋಗ್ಬೇಕು," ತಂಗಿ.

ಪಾಟಿ ಕೈ ಎತ್ತಿ ದೇವರಿಗೆ ಬಿಟ್ಟುಬಿಡುತ್ತಿದ್ದರು.

ಐದು ವಾರ ಇದೇ ನಡೆಯಿತು. ಒಂದು ಉತ್ತರವೂ ಅತ್ತಿತ್ತ ಆಗಲಿಲ್ಲ. ಶನಿವಾರದ ಬೆಳಿಗ್ಗೆ ವಾರದ ಹಾಳೆಗಳನ್ನು ಓದಿ ಸಹಿ ಹಾಕುವಾಗ ನನಗೆ ಭದ್ರಾವತಿಯ ಹಾಳೆಗಳೇ ಹೆಚ್ಚು ಪ್ರಿಯವಾಗಿದ್ದವು. ಎಷ್ಟು ಚೊಕ್ಕ! ಮ್ಯಾನೇಜರ್ ಇನ್ನೂ ಖುಷಿಪಟ್ಟಳು. ಚಾನೆಲ್ಲಿಗೆ ಕಳಿಸುವ ವರದಿಯನ್ನು ಕಂಪ್ಯೂಟರಿನಲ್ಲಿ ತೋರಿಸಿದಳು. ಎಡಗಡೆ ಶಿವಮೊಗ್ಗದ ಹುಡುಗಿಯರು: ಬಿಟ್ಟು ಹೋಗಲಿ. ಬಲಗಡೆ ಭದ್ರಾವತಿಯ ಗೃಹಿಣಿಯರು: ಹೊಂದಿಕೊಂಡು ಹೋಗಲಿ. ಕೆಳಗೆ ದಪ್ಪ ಅಕ್ಷರದಲ್ಲಿ, ಸಣ್ಣ ಊರಿನ ಹೆಣ್ಣುಮಕ್ಕಳು ಈಗಲೂ ಸಂಪ್ರದಾಯಸ್ಥರು.

ನಾನು ಮೂವತ್ತು ವರ್ಷ ಕೆಲಸ ಮಾಡಿದ ಊರು ಅದು. ಆ ವಾಕ್ಯವನ್ನು ಓದಿ ತಲೆಯಾಡಿಸಿದೆ. ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಐದನೇ ವಾರದ ಮಂಗಳವಾರ ಸಂಸ್ಥೆಯಿಂದ ಕ್ಯಾಮೆರಾ ಬಂತು. ನಾಯಕಿ ಮನೆಗೆ ಮರಳುವ ಸಂಚಿಕೆಗೆ ಮೊದಲು ಚಾನೆಲ್ಲಿನವರು ವೀಕ್ಷಕರ ಮಾತನ್ನು ಪ್ರಚಾರಕ್ಕೆ ತೋರಿಸುತ್ತಾರಂತೆ. ತಂಗಿಯನ್ನೇ ಆರಿಸಿದರು, ಮುಖ ಲಕ್ಷಣವಾಗಿತ್ತು, ಮಾತು ಸ್ಪಷ್ಟ. ಆಕೆ ಅಣ್ಣನ ಕಡೆ ನೋಡಿದಳು. "ಹೇಳು, ಅದಕ್ಕೇನಂತೆ," ಎಂದರು ಅವರು. ಆಕೆ ಕ್ಯಾಮೆರಾ ನೋಡಿಕೊಂಡು, "ಹೆಣ್ಣಾದವಳು ಸಹಿಸ್ಕೊಂಡು ಹೋಗ್ಬೇಕು, ಗಂಡನ ಮನೆಗೆ ವಾಪಸ್ ಹೋಗ್ಬೇಕು," ಎಂದಳು. ಒಂದೇ ಸಲಕ್ಕೆ ಸರಿಬಂತು. ಒಪ್ಪಿಗೆಯ ಫಾರಂಗೆ ಸಹಿ ಹಾಕಿದಳು. ಆ ಫಾರಂನ ತಳದಲ್ಲಿ ನನ್ನ ಸಹಿಗೂ ಜಾಗವಿತ್ತು: ಮೇಲಿನವರು ಯಾವ ಒತ್ತಡವೂ ಇಲ್ಲದೆ ತಮ್ಮ ಅಭಿಪ್ರಾಯ ಹೇಳಿದ್ದಾರೆಂದು ದೃಢೀಕರಿಸುತ್ತೇನೆ. ನಾನು ಸಹಿ ಹಾಕುವುದು ಶನಿವಾರ. ಫಾರಂ ನನ್ನ ಫೈಲಿಗೆ ಸೇರಿತು.

ಗುರುವಾರ ನನ್ನಿಂದ ಒಂದು ತಪ್ಪಾಯಿತು. ನೀರಿನ ಬಾಟಲಿಯನ್ನು ಬಸ್ಸಿನಲ್ಲೇ ಬಿಟ್ಟು ಇಳಿದೆ. ರಕ್ತದೊತ್ತಡದ ಮಾತ್ರೆ ನಾನು ನುಂಗುವುದು ಏಳು ನಲವತ್ತೈದಕ್ಕೆ. ಧಾರಾವಾಹಿಯ ಮಧ್ಯದ ದೊಡ್ಡ ಜಾಹೀರಾತು ಬರುವುದೂ ಸರಿಯಾಗಿ ಆಗಲೇ. ಹೆಂಗಸರು ಜಾಹೀರಾತು ಬಂದ ತಕ್ಷಣ ಎದ್ದು ಒಳಗೆ ಹೋಗುತ್ತಾರೆ, ಒಗ್ಗರಣೆಯೋ ಹಾಲೋ ನೋಡಿಕೊಳ್ಳಲು. ನಾನು ಆ ಹೊತ್ತು ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಗಡಿಯಾರ ನೋಡಿಕೊಂಡು ಜಾಹೀರಾತಿನ ನಿಮಿಷ ಗುರುತು ಹಾಕುತ್ತಿದ್ದೆ. ಮನೆಯವರ ಅಡಿಗೆಮನೆಗೆ ಹೋಗಬಾರದು ಎಂಬುದೂ ನನ್ನ ನಿಯಮವೇ. ಆ ದಿನ ನೀರಿಗಾಗಿ ಎದ್ದೆ.

ಬಾಗಿಲ ಹತ್ತಿರ ಹೋಗುವಷ್ಟರಲ್ಲಿ ದನಿ ಕೇಳಿತು. ಪಿ.ಜಿ.ಯ ಐವರು ಇಲ್ಲಿಗೆ ಬಂದಿದ್ದಾರೇನೋ ಅನ್ನುವ ಹಾಗಿತ್ತು. ಮೂವರೂ ಬೇಸಿನ್ ಸುತ್ತ ಕೂತು ನೆನೆಸಿದ ಅವರೆಕಾಳು ಹಿಸುಕುತ್ತಿದ್ದರು. ಕಾಳಿನ ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ.

"ಅವನ ಅಳು ನೋಡು ಅಳು!" ಪಾಟಿ ಹೇಳುತ್ತಿದ್ದರು. "ಒಂದು ಬಾಟಲ್ ಗ್ಲಿಸರಿನ್ ಖಾಲಿ. ಪೋಡಾ! ಅಳೋದಾದ್ರೆ ಆ ಇನ್ನೊಬ್ಬಳ ಮನೆ ಬಾಗಿಲಲ್ಲಿ ಹೋಗಿ ಅಳು."

"ಅತ್ತೆಗೆ ಹುಷಾರಿಲ್ಲ ಅಂತ ಈಗ ಹೆಂಡ್ತಿ ನೆನಪಾಗಿದಾಳೆ," ಅತ್ತಿಗೆ. "ಗಂಜಿ ಕಾಯ್ಸೋಕೆ ಜನ ಬೇಕಲ್ಲ."

"ಹೋಗ್ತಾಳೆ, ಹೋಗ್ಲಿ," ತಂಗಿ. ಬೆರಳಿನ ತುದಿಯಿಂದ ಒಂದು ಕಾಳು ಚಿಮ್ಮಿ ಒಲೆಯ ಕಟ್ಟೆಗೆ ತಾಗಿತು. "ಹೋಗಿ ಜೀವಮಾನವೆಲ್ಲ ಅವನ ಫೋನ್ ಕಾಯ್ತಾ ಕೂತಿರ್ಲಿ. ನಾನಾಗಿದ್ರೆ ಆ ಮನೆ ದಿಕ್ಕಿಗೆ ತಲೆ ಹಾಕಿ ಮಲಗ್ತಾನೂ ಇರ್ಲಿಲ್ಲ."

"ನೀನು ಮಲಗ್ತಿಲ್ವಲ್ಲ ಮತ್ತೆ," ಎಂದರು ಪಾಟಿ. ಮೂವರೂ ನಕ್ಕರು.

ಆಗ ನನ್ನನ್ನು ನೋಡಿದರು. ನಗು ನಿಂತಿತು. ಅತ್ತಿಗೆ ಎದ್ದು ಲೋಟದಲ್ಲಿ ನೀರು ಕೊಟ್ಟರು. ಮಾತ್ರೆ ನುಂಗಿದೆ. ಹೊರಗೆ ಸೋಪಿನ ಜಾಹೀರಾತು ಹಾಡುತ್ತಿತ್ತು.

"ಮೊನ್ನೆ ಕ್ಯಾಮೆರಾ ಮುಂದೆ ಹೋಗ್ಬೇಕು ಅಂದ್ರಲ್ಲ," ಎಂದೆ ತಂಗಿಗೆ, ದನಿ ತಗ್ಗಿಸಿ.

"ಅದು ಹಾಲ್‌ನಲ್ಲಿ ಹೇಳಿದ್ದು ಮೇಡಂ," ಎಂದಳು. ಇಷ್ಟು ಸರಳ ವಿಷಯ ನಿಮಗೆ ಗೊತ್ತಿಲ್ಲವೇ ಎನ್ನುವ ಹಾಗೆ ನನ್ನ ಮುಖ ನೋಡಿದಳು.

ಉಳಿದದ್ದನ್ನು ಅತ್ತಿಗೆ ಹೇಳಿದರು, ಒಂದು ಕಣ್ಣು ಬಾಗಿಲ ಮೇಲಿಟ್ಟು. ತಂಗಿ ಗಂಡನ ಮನೆ ಬಿಟ್ಟು ಬಂದು ಒಂದೂವರೆ ವರ್ಷ. ಕಾರಣ ಧಾರಾವಾಹಿಯಲ್ಲಿ ಇರುವುದೇ. ಈಗ ಅವನು ಕರೆಯುತ್ತಿದ್ದಾನೆ. ಬರುವ ಭಾನುವಾರ ಬಿಟ್ಟು ಅದರಾಚೆಯ ಭಾನುವಾರ ಎರಡೂ ಕಡೆಯ ಹಿರಿಯರು ಇದೇ ಮನೆಯಲ್ಲಿ ಕೂತು ಮಾತಾಡುವುದೆಂದು ಗೊತ್ತಾಗಿದೆ. ಅಣ್ಣ ಕೆಟ್ಟವರಲ್ಲ, ತಂಗಿಗೆ ಒಂದು ನೆಲೆ ಆಗಲಿ ಎಂದೇ ಅವರ ಆಸೆ.

"ಆ ಕ್ಲಿಪ್ಪು ಟೀವೀಲಿ ಬಂದ್ರೆ ಅವರ ಕಡೆಯವರು ಫೋನಲ್ಲಿ ಹಿಡ್ಕೊಂಡೇ ಬರ್ತಾರೆ ಮೇಡಂ," ಎಂದಳು ತಂಗಿ. ಕೈ ಕಾಳು ಹಿಸುಕುತ್ತಲೇ ಇತ್ತು. "ನೀನೇ ನಿನ್ ಬಾಯಲ್ಲಿ ಊರಿಗೆಲ್ಲ ಹೇಳಿದೀಯಲ್ಲಮ್ಮ, ಎದ್ದು ಬಾ ಅಂತಾರೆ. ಆಮೇಲೆ ನನ್ ಹತ್ರ ಇನ್ನೇನು ಮಾತು ಉಳೀತು?"

ಜಾಹೀರಾತು ಮುಗಿದ ಸದ್ದಾಯಿತು. ಮೂವರೂ ಎದ್ದು ಕೈ ಒರೆಸಿಕೊಂಡು ನಡುಮನೆಗೆ ಬಂದು, ಮೊದಲಿದ್ದ ಜಾಗದಲ್ಲೇ, ಮೊದಲಿದ್ದ ಮುಖದಲ್ಲೇ ಕೂತರು. ಕೊನೆಗೆ ನಾನು ನಾಲ್ಕನೇ ಪ್ರಶ್ನೆ ಓದಿದೆ. "ಹೋಗ್ಬೇಕು," ಎಂದರು ಒಬ್ಬೊಬ್ಬರಾಗಿ. ನಾನು ಬರೆದುಕೊಳ್ಳಲಿಲ್ಲ.

ಮರುದಿನ ಬೆಳಿಗ್ಗೆ ಐದಕ್ಕೆ ಎದ್ದು ಊಟದ ಮೇಜಿನ ಮೇಲೆ ಎಲ್ಲ ಹಾಳೆಗಳನ್ನು ಹರಡಿದೆ. ಪ್ರಯೋಗಾಲಯದಲ್ಲಿ ಒಂದು ಮಾತಿತ್ತು. ಬೇರೆ ಬೇರೆ ಕುಲುಮೆಯ ಮಾದರಿಗಳು ಪ್ರತಿದಿನವೂ ಒಂದೇ ಅಂಕಿ ಕೊಟ್ಟರೆ ಲೋಹವನ್ನು ಹೊಗಳಬೇಡ, ಮಾಪಕದ ಮುಳ್ಳು ಸಿಕ್ಕಿಕೊಂಡಿದೆಯೇ ನೋಡು. ಹೊಸದಾಗಿ ಸೇರಿದವರಿಗೆ ಅದನ್ನು ನಾನೇ ಹೇಳಿಕೊಟ್ಟಿದ್ದೆ. ಇಲ್ಲಿ ಒಂಬತ್ತು ಹಾಳೆ ಒಂದೇ ಅಂಕಿ ಕೊಟ್ಟಿತ್ತು, ನಾನು ಚೊಕ್ಕ ಎಂದು ಬೀಗಿದ್ದೆ. ಸಿಕ್ಕಿಕೊಂಡ ಮುಳ್ಳು ಆ ಕುರ್ಚಿಯ ಮೇಲೆ, ಟವೆಲ್ಲಿನ ಮೇಲೆ, ಪೆನ್ನು ಹಿಡಿದು ಕೂತಿತ್ತು.

ಗೋಪಾಳದ ಹಾಳೆಯಲ್ಲಿ "ವ್ಯತ್ಯಯ, ಎರಡು ನಿಮಿಷ" ಎಂಬ ಸಾಲೂ ಕಣ್ಣಿಗೆ ಬಿತ್ತು. ಮಾಲೀಕರು ಬಾಗಿಲಲ್ಲಿ ನಿಂತಾಗ ಆ ಹುಡುಗಿಯರೂ ಸಂಪ್ರದಾಯಸ್ಥರೇ ಆಗಿದ್ದರು. ಊರು ದೊಡ್ಡದೋ ಸಣ್ಣದೋ ಎಂಬುದಕ್ಕೂ ಉತ್ತರಕ್ಕೂ ಸಂಬಂಧವಿರಲಿಲ್ಲ. ಕೋಣೆಯಲ್ಲಿ ಯಾರಿದ್ದರು ಎಂಬುದಕ್ಕೆ ಇತ್ತು. ಆ ಕಾಲಮ್ಮೇ ನಮ್ಮ ಹಾಳೆಯಲ್ಲಿರಲಿಲ್ಲ.

ಸ್ಕೇಲು ಇಟ್ಟು ಒಂಬತ್ತು ಹಾಳೆಗೂ ಕೆಂಪು ಶಾಯಿಯಲ್ಲಿ ಒಂದೊಂದು ಗೆರೆ ಎಳೆದೆ. ಪಕ್ಕದಲ್ಲಿ "ರದ್ದು. ಅಳತೆಯ ವಿಧಾನದಲ್ಲಿ ದೋಷ" ಎಂದು ಬರೆದು ಸಹಿ ಮಾಡಿದೆ. ಹತ್ತನೆಯದರಲ್ಲಿ, ಗುರುವಾರದ್ದರಲ್ಲಿ, ನಾಲ್ಕನೇ ಪ್ರಶ್ನೆಯ ಎದುರು ಖಾಲಿ ಬಿಟ್ಟೆ. ಅಡಿಗೆಮನೆಯ ಮಾತನ್ನು ಬರೆಯಲಿಲ್ಲ. ಅದನ್ನು ಅವರು ನನಗೆ ಹೇಳಿದ್ದಲ್ಲ, ನನ್ನ ಕಿವಿಗೆ ಬಿದ್ದದ್ದು.

ಶುಕ್ರವಾರ ಹತ್ತಕ್ಕೆ ಆಫೀಸು ತೆರೆಯುವಾಗ ನಾನು ಮೆಟ್ಟಿಲ ಮೇಲಿದ್ದೆ.

"ಒಂಬತ್ತು ಶೀಟೂ ಕ್ಯಾನ್ಸಲ್ ಅಂದ್ರೆ ಏನಮ್ಮ ಅರ್ಥ?" ಎಂದಳು ಮ್ಯಾನೇಜರ್.

"ಅಳತೆ ತಪ್ಪು ಅಂತ ಅರ್ಥ."

"ಅವರೇ ಹೇಳಿದ್ದಲ್ವಾ? ನೀವೇನೂ ಕಟ್ಟಿ ಬರ್ದಿಲ್ವಲ್ಲ."

"ಅವರೇ ಹೇಳಿದ್ದು. ಯಾರ ಮುಂದೆ ಹೇಳಿದ್ದು ಅಂತ ನಾನು ಬರ್ದಿಲ್ಲ. ಅದಿಲ್ದೆ ಇದಕ್ಕೆ ಬೆಲೆ ಇಲ್ಲ."

ಆಕೆ ತಲೆ ಹಿಡಿದುಕೊಂಡಳು. "ಚಾನೆಲ್‌ನವರಿಗೆ ಈ ಸೂಕ್ಷ್ಮ ಎಲ್ಲ ಬೇಡಮ್ಮ. ಕಥೆ ಮೊದ್ಲೇ ಫಿಕ್ಸ್ ಆಗಿದೆ. ಮುಂದಿನ ವಾರ ನಾಯಕಿ ವಾಪಸ್ ಹೋಗ್ತಾಳೆ. ಶೂಟಿಂಗೂ ಆಗಿದೆ."

"ಹಂಗಾದ್ರೆ ನನ್ನನ್ನ ಯಾಕೆ ಮನೆಮನೆಗೆ ಕಳಿಸಿದ್ರಿ?"

ಆಕೆ ಕಂಪ್ಯೂಟರಿನ ಕಡೆ ತಿರುಗಿದಳು. ಒಪ್ಪಿಗೆಯ ಫಾರಂ ತೆಗೆದು ಮೇಜಿನ ಮೇಲಿಟ್ಟೆ. "ಇದಕ್ಕೆ ನಾನು ಸಹಿ ಹಾಕಲ್ಲ. ಒತ್ತಡ ಇರ್ಲಿಲ್ಲ ಅಂತ ಬರ್ದಿದೆ. ಇತ್ತು."

"ಬೇರೆ ಯಾರ ಹತ್ರನಾದ್ರೂ ಹಾಕಿಸ್ತೀನಿ ಬಿಡಿ. ಯಾರೂ ಚೆಕ್ ಮಾಡಲ್ಲ."

"ಹಾಕಿಸಿ. ಆ ದಿನ ಆ ಮನೇಲಿ ಕೂತಿದ್ದವಳು ನಾನು, ಸಹಿ ಹಾಕಿದವರಲ್ಲ ಅಂತ ಒಂದು ಕಾಗದ ಬರೀತೀನಿ. ಮೂರು ಪ್ರತಿ. ಒಂದು ನಿಮಗೆ, ಒಂದು ಚಾನೆಲ್‌ಗೆ, ಒಂದು ನನ್ನ ಹತ್ರ."

ಆಕೆ ನನ್ನನ್ನು ದಿಟ್ಟಿಸಿದಳು. ಈ ಮುದುಕಿ ಬರೆಯುತ್ತಾಳೆ ಎಂಬುದು ಖಾತ್ರಿಯಾಗಿರಬೇಕು. ನಾನು ಇನ್ನೊಂದು ಮಾತು ಕೇಳಿದೆ.

"ನಿಮ್ಮ ತಾಯಿ ಕುಂಸೀಲಿ ಈ ಧಾರಾವಾಹಿ ನೋಡ್ತಾರೆ ಅಂದಿದ್ರಿ. ಅದರ ಬಗ್ಗೆ ಅವರು ಎಲ್ಲಿ ಮಾತಾಡ್ತಾರೆ? ನಿಮ್ಮ ತಂದೆಯವರ ಎದುರಿಗೋ, ಅಡಿಗೆಮನೇಲೋ?"

ಆಕೆ ಪೆನ್ನಿನ ಮುಚ್ಚಳ ಹಾಕಿದಳು, ತೆಗೆದಳು. "ನಮ್ಮಮ್ಮ ಅಪ್ಪ ಊಟ ಮಾಡಿ ಎದ್ದ ಮೇಲೆ ನಂಗೆ ಫೋನ್ ಮಾಡಿ ಬೈತಾರೆ," ಎಂದಳು. ಆಮೇಲೆ ದನಿ ಮತ್ತೆ ಆಫೀಸಿನದಾಯಿತು. "ಫಾರಂನಲ್ಲಿ ಮೂರನೇ ನಿಯಮ ಇದೆ. ವೀಡಿಯೋ ಕಳಿಸೋಕೆ ಮುಂಚೆ ಅವರು ಕೈಬರಹದಲ್ಲಿ ಕೊಟ್ರೆ ಒಪ್ಪಿಗೆ ವಾಪಸ್ ತಗೋಬಹುದು. ನಾಳೆ ಮಧ್ಯಾಹ್ನ ಹನ್ನೆರಡಕ್ಕೆ ಕಳಿಸ್ತೀವಿ. ಅಷ್ಟರೊಳಗೆ ತಂದ್ಕೊಡಿ. ಇಲ್ದಿದ್ರೆ ನನ್ ಕೈಯಲ್ಲೇನೂ ಇಲ್ಲ."

ನನ್ನ ಬಳಿ ಇದ್ದದ್ದು ಅಣ್ಣನ ಫೋನ್ ನಂಬರು ಮಾತ್ರ. ಅದಕ್ಕೆ ಕರೆ ಮಾಡುವುದೂ ನಡುಮನೆಯಲ್ಲಿ ಕೇಳುವುದೂ ಒಂದೇ. ಶನಿವಾರ ಬೆಳಿಗ್ಗೆ ಎಂಟೂ ಮುಕ್ಕಾಲರ ಬಸ್ಸು ಹಿಡಿದೆ. ಹಳೆನಗರದಲ್ಲಿ ಹೊಲಿಗೆ ಅಂಗಡಿಗಳು ಏಳೆಂಟಿವೆ. ಕೇಳಿಕೊಂಡು ಹೋಗಿ ಮೂರನೆಯದರ ಕಟ್ಟೆಯ ಮೇಲೆ ಕೂತೆ. ಹತ್ತೂ ಐದಕ್ಕೆ ತಂಗಿ ಬೀಗದ ಕೈ ಹಿಡಿದು ಬಂದಳು. ನನ್ನನ್ನು ಕಂಡು ಮೊದಲು ಬೀದಿಯ ಎರಡೂ ಕಡೆ ನೋಡಿದಳು.

ವಿಷಯ ಹೇಳಿದೆ. ಎರಡು ಸಾಲು, ಒಂದು ಸಹಿ. ಆಕೆ ಷಟರ್ ಎತ್ತಿ, ಮಷಿನ್ನಿನ ಧೂಳು ಒರೆಸಿ, ಸೂಜಿಗೆ ದಾರ ಪೋಣಿಸಿದಳು. ಬರೆಯಲಿಲ್ಲ.

"ಅಣ್ಣ ಕೇಳಿದ್ರೆ?"

"ನಿಜ ಹೇಳಿ."

"ನಿಮಗೇನು ಅಕ್ಕ, ಸುಲಭ." ಆಕೆ ಮೊದಲ ಸಲ ನನ್ನನ್ನು ಮೇಡಂ ಎನ್ನಲಿಲ್ಲ. "ನೀವು ಏಳೂವರೆಗೆ ಬಂದು ಎಂಟೂ ಕಾಲಿಗೆ ಎದ್ದು ಹೋಗ್ತೀರ. ನಾನು ಅಲ್ಲೇ ಉಣ್ಬೇಕು, ಅಲ್ಲೇ ಮಲಗ್ಬೇಕು. ಅಣ್ಣ ನನ್ನನ್ನ ಒಂದು ದಿನ ಎದ್ದು ಹೋಗು ಅಂದಿಲ್ಲ. ಅವನ ಮುಖಕ್ಕೆ ಹೊಡ್ದ ಹಾಗೆ ಆಗಲ್ವಾ?"

ಅದಕ್ಕೆ ಏನಾದರೂ ಹೇಳುವ ಹಕ್ಕು ನನಗಿರಲಿಲ್ಲ. ಮೊನ್ನೆ ಆಕೆಯ ಬಾಯಿಂದ ಅಣ್ಣನಿಗೆ ಬೇಕಾದ ಮಾತು ಹೊರಟಿತ್ತು, ಈಗ ನನಗೆ ಬೇಕಾದ ಮಾತು ಹೊರಡಿಸಲು ನಾನು ಕೂತಿದ್ದೆ. ಅದು ಹೊಳೆದ ಮೇಲೆ ಫೈಲು ಮುಚ್ಚಿ ಚೀಲದೊಳಗಿಟ್ಟೆ. "ಹನ್ನೊಂದಕ್ಕೆ ಬಸ್ಸಿದೆ. ಅಲ್ಲೀವರೆಗೆ ಹೊರಗೆ ಕಟ್ಟೆ ಮೇಲಿರ್ತೀನಿ. ಬರೀದಿದ್ರೂ ಬೇಜಾರಿಲ್ಲ," ಎಂದೆ.

ಹೊರಗೆ ಕೂತೆ. ಒಬ್ಬಳು ಗಿರಾಕಿ ಬಂದು, ಮದುವೆಯ ಬ್ಲೌಸು ತೋಳಿನಲ್ಲಿ ಬಿಗಿ ಎಂದು ಜಗಳ ತೆಗೆದಳು. "ಅಳತೆ ಕೊಟ್ಟಾಗ ನೀವೇ ಉಸಿರು ಬಿಗಿ ಹಿಡ್ಕೊಂಡು ನಿಂತಿದ್ರಿ. ನಾನೇನ್ ಮಾಡ್ಲಿ?" ಎಂದಳು ತಂಗಿ. ಗಿರಾಕಿ ಹೋದಳು. ಮಷಿನ್ನಿನ ಸದ್ದು ಬಂತು, ನಿಂತಿತು. ಹತ್ತು ಐವತ್ತೆರಡಕ್ಕೆ ಆಕೆ ಹೊರಗೆ ಬಂದಳು. ಅಳತೆ ಬರೆಯುವ ಪುಸ್ತಕದಿಂದ ಹರಿದ ಹಾಳೆ ಕೈಯಲ್ಲಿತ್ತು. ಒಂದು ಬದಿಯಲ್ಲಿ ಯಾರದೋ ತೋಳು, ಎದೆ, ಸೊಂಟದ ಇಂಚುಗಳು. ಇನ್ನೊಂದು ಬದಿಯಲ್ಲಿ: "ಮಂಗಳವಾರ ಕ್ಯಾಮೆರಾ ಮುಂದೆ ಹೇಳಿದ ಮಾತು ನನ್ನದಲ್ಲ. ಅದನ್ನು ಎಲ್ಲಿಯೂ ತೋರಿಸಬೇಡಿ." ಸಹಿ ನೇರವಾಗಿತ್ತು.

"ಮಂಗಳವಾರ ಬನ್ನಿ ಅಕ್ಕ," ಎಂದಳು. "ಫೈಲ್ ಇಲ್ದೆ."

ಹನ್ನೊಂದು ಐವತ್ತಕ್ಕೆ ಎರಡನೇ ಮಹಡಿ ಹತ್ತಿದೆ. ಮ್ಯಾನೇಜರ್ ಹಾಳೆಯನ್ನು ಎರಡು ಸಲ ಓದಿದಳು, ತಿರುಗಿಸಿ ಇಂಚುಗಳನ್ನೂ ನೋಡಿದಳು. ಸ್ವೀಕರಿಸಿದ್ದಕ್ಕೆ ಸಹಿ, ಸಮಯ, ಮೊಹರು ಕೇಳಿದೆ. ಮೂರನ್ನೂ ಹಾಕಿಕೊಟ್ಟಳು.

"ಕ್ಲಿಪ್ಪು ಹೋಗಲ್ಲ," ಎಂದಳು. "ಆದ್ರೆ ಮುಂದಿನ ವಾರದಿಂದ ನಿಮ್ಮನ್ನ ಕರೆಯೋಕಾಗಲ್ಲಮ್ಮ. ಮೇಲಿನವರಿಗೆ ನಾನೂ ಉತ್ತರ ಕೊಡ್ಬೇಕು."

"ಕರೀಬೇಡಿ. ಹಾಳೇಲಿ ಒಂದು ಕಾಲಮ್ ಮಾತ್ರ ಸೇರಿಸಿ: ಯಾರ ಎದುರಿಗೆ."

ಸೇರಿಸಿದಳೋ ಇಲ್ಲವೋ ನನಗೆ ಗೊತ್ತಿಲ್ಲ. ಧಾರಾವಾಹಿ ನೋಡುವವರನ್ನು ಕಂಡು ಮೂಗು ಮುರಿಯುವವರನ್ನು ಅಂದಿನಿಂದ ನಾನು ಸುಮ್ಮನೆ ಬಿಡುತ್ತಿಲ್ಲ. ಕೆಲಸಕ್ಕೆ ಬಾರದ ಕಥೆ, ಅದಕ್ಕೆ ಅಳುವ ಹೆಂಗಸರು ಎಂದು ಯಾರಾದರೂ ಶುರು ಮಾಡಿದರೆ ಕೇಳುತ್ತೇನೆ: ಜಾಹೀರಾತಿನ ಹೊತ್ತಿನಲ್ಲಿ ನೀವು ಎಂದಾದರೂ ಎದ್ದು ಒಳಗೆ ಹೋಗಿದ್ದೀರಾ? ಕಥೆ ಕೆಲಸಕ್ಕೆ ಬಾರದ್ದೇ ಇರಬಹುದು. ತಮ್ಮದೇ ಬದುಕಿನ ಬಗ್ಗೆ ತಮ್ಮ ಹೆಸರು ಹೇಳದೆ ಮಾತಾಡಲು ಅವರಿಗೆ ಇರುವುದು ಆ ನಾಲ್ಕು ನಿಮಿಷ.

ಮಂಗಳವಾರ ಹೋದೆ. ಫೈಲಿರಲಿಲ್ಲ. ಅಭ್ಯಾಸಬಲದಿಂದ ಏಳು ಇಪ್ಪತ್ತಕ್ಕೇ ತಲುಪಿದೆ. ಟವೆಲ್ ಹಾಸಿದ ಕುರ್ಚಿಯನ್ನು ಬಿಟ್ಟು, ಮಂಡಿ ನೋವಾದರೂ ಪಾಟಿಯ ಪಕ್ಕದಲ್ಲಿ ನೆಲದ ಮೇಲೆ ಕೂತೆ. ಅಣ್ಣನಿಗೆ ಕ್ಲಿಪ್ಪಿನ ವಿಷಯ ತಿಳಿದಿತ್ತು. ತಂಗಿಯೇ ಹೇಳಿದ್ದಳಂತೆ. "ಬನ್ನಿ ಮೇಡಂ," ಎಂದರು, ಅದಕ್ಕಿಂತ ಹೆಚ್ಚಿಲ್ಲ.

ಆ ದಿನವೇ ನಾಯಕಿ ಮನೆಗೆ ಮರಳಿದಳು. ಆರತಿ, ಸಂಗೀತ, ಕಣ್ಣೀರು. ಜಾಹೀರಾತು ಬಂತು. ಅತ್ತಿಗೆ, ಪಾಟಿ ಏಳಲು ಹೊರಟರು. ಅಣ್ಣ ಯಾರ ಮುಖವನ್ನೂ ನೋಡದೆ, "ನೋಡು, ಅವಳೂ ಹೋದ್ಲು. ಭಾನುವಾರ ನೀನೂ ಒಂದು ಮಾತು ಹೂಂ ಅಂದ್ಬಿಡು," ಎಂದರು.

ತಂಗಿ ಏಳಲಿಲ್ಲ.

"ಅವಳು ಹೋಗ್ಲಿ ಅಣ್ಣ. ಅವಳು ಏನಾಡ್ಬೇಕು ಅಂತ ಯಾರೋ ಬರ್ದುಕೊಡ್ತಾರೆ. ಮುಂದಿನ ವಾರ ಅವನು ಮತ್ತೆ ಹಂಗೇ ಮಾಡಿದ್ರೆ ಅದಕ್ಕೂ ಬರ್ದುಕೊಡ್ತಾರೆ. ನಂಗೆ ಯಾರೂ ಬರ್ದುಕೊಡಲ್ಲ." ಆಕೆ ಅಣ್ಣನ ಕಡೆಗೇ ತಿರುಗಿ ಕೂತಳು. "ಭಾನುವಾರ ಹೋಗಲ್ಲ ಅಂತ ನಾನೇ ಹೇಳ್ತೀನಿ. ನೀನು ನನ್ ಪರ ಮಾತಾಡ್ಬೇಡ. ಪಕ್ಕದಲ್ಲಿ ಸುಮ್ನೆ ಕೂತಿರು, ಸಾಕು."

ಅತ್ತಿಗೆ ಬಾಗಿಲಲ್ಲೇ ನಿಂತರು. ಪಾಟಿ ನನ್ನ ತೋಳನ್ನು ಬಿಗಿಯಾಗಿ ಹಿಡಿದರು. ಅಣ್ಣ ರಿಮೋಟ್ ತೆಗೆದುಕೊಂಡು ಟೀವಿಯ ದನಿಯನ್ನು ಪೂರ್ತಿ ಇಳಿಸಿದರು. ಐದು ವಾರದಲ್ಲಿ ಅವರು ಹಾಗೆ ಮಾಡಿದ್ದನ್ನು ನಾನು ಕಂಡಿರಲಿಲ್ಲ.

"ಇದನ್ನ ಮೊದ್ಲೇ ಯಾಕೆ ಹೇಳ್ಲಿಲ್ಲ?" ಎಂದರು.

"ನೀನು ಯಾವತ್ತು ಕೇಳಿದ್ದೆ?"

ಪರದೆಯ ಮೇಲೆ ಸದ್ದಿಲ್ಲದೆ ಯಾರೋ ಪಾತ್ರೆ ತೊಳೆಯುತ್ತಿದ್ದರು. ಅಣ್ಣ ಒಮ್ಮೆ ತಲೆಯಾಡಿಸಿದರು. ಒಪ್ಪಿದ್ದೋ, ಕೇಳಿಸಿತು ಎಂದದ್ದೋ, ನಾನು ಊಹಿಸುವುದಿಲ್ಲ. ಆಮೇಲೆ ನನ್ನ ಕಡೆ ತಿರುಗಿ, "ಮೇಡಂ, ಇದನ್ನೂ ಬರ್ಕೊಳ್ತೀರಾ?" ಎಂದರು.

"ನನ್ನ ಕೆಲಸ ಹೋಯ್ತು," ಎಂದೆ.

"ಬರ್ಕೊಳ್ಳಿ ಅಕ್ಕ," ಎಂದಳು ತಂಗಿ.

ಚೀಲದಲ್ಲಿ ನನ್ನ ಸ್ವಂತದ ನೋಟ್‌ಬುಕ್ ಇತ್ತು. ಸ್ಕೇಲಿರಲಿಲ್ಲ, ಕೈಯಲ್ಲೇ ಕಾಲಮ್ ಎಳೆದೆ. ಸಮಯ: ಏಳು ನಲವತ್ತೆಂಟು. ಹೇಳಿದ ಮಾತು: ಹೋಗಲ್ಲ. ಸ್ಥಳ: ನಡುಮನೆ. ಯಾರ ಎದುರಿಗೆ: ಎಲ್ಲರ ಎದುರಿಗೆ.